ಕತ್ತಲೆಯನ್ನರಸಿ

ಬೆಳಕನ್ನರಸಿ ಹೋದವರ ಕಥೆಗಳು ಬೇಕಾದಷ್ಟಿವೆ. ನಾನು ಕತ್ತಲೆಯನ್ನರಸಿ ಹೊರಟವನು. ಕಾರಣ ಮೊಮ್ಮಗಳು. "ತಾತಾ, ಆಕಾಶಗಂಗೆ ಎಲ್ಲಿ?" ಎಂದು ಕೇಳಿದಳು. ಚಿತ್ರದುರ್ಗದ ನಮ್ಮ ಮಾಳಿಗೆಯ ಮೇಲೆ ನಿಂತು ಬೆರಳು ಚಾಚಿದೆನೇ ಹೊರತು ತೋರಿಸಲು ಏನೂ ಇರಲಿಲ್ಲ. ಊರ ದೀಪಗಳ ಬೆಳಕು ಧೂಳಿನಲ್ಲಿ ಚೆದರಿ ಆಕಾಶಕ್ಕೆ ಬೂದಿ ಬಳಿದಿತ್ತು.

ಕಾರ್ತಿಕದ ಅಮಾವಾಸ್ಯೆಯಂದು ಹೊರಟೆವು. ಮೊದಲು ಹತ್ತಿದ ಬಂಡೆಯ ಕೆಳಗೆ ಹೆದ್ದಾರಿಯ ದೀಪಮಾಲೆ. ಎತ್ತರಕ್ಕೇರಿದರೆ ಹತ್ತಿರವಾಗುವುದು ನಕ್ಷತ್ರವಲ್ಲ, ಊರಿನ ದೀಪವೇ ಹೆಚ್ಚು ಕಾಣುತ್ತದೆಂದು ಅಂದು ತಿಳಿಯಿತು. ಕಡೆಗೆ ಹೊಸದುರ್ಗದ ಕಡೆ, ಗುಡ್ಡದ ಮರೆಯ ಹಳ್ಳಿಯೊಂದರ ಕಣ ಸಿಕ್ಕಿತು. ಅಲ್ಲಿಯೂ ಒಂದು ಬೀದಿದೀಪ! ನಾನು ಗೊಣಗಿದ್ದು ಜಗಲಿಯ ಅಜ್ಜಿಗೆ ಕೇಳಿಸಿತು. "ಈ ದೀಪ ಬರೋತಂಕ ಹಾವಿನ ಭಯದಾಗೇ ಇದ್ವಪ್ಪ" ಎಂದಳು. ನನ್ನ ಬಾಯಿ ಕಟ್ಟಿತು.

ದೀಪಕ್ಕೆ ಬೆನ್ನುಮಾಡಿ ಬಣವೆಯ ಮರೆಯಲ್ಲಿ ಕುಳಿತೆವು. ಕಣ್ಣು ಕತ್ತಲೆಗೆ ಒಗ್ಗಲು 20-30 ನಿಮಿಷವಾದರೂ ಬೇಕು, ಕಾದೆವು. ಮೊದಲು ಕೃತ್ತಿಕೆಯ ಆರೂ ಬಂದವು. ಬಳಿಕ ದೇವಯಾನಿಯ ನೀಹಾರಿಕೆ: ಸುಮಾರು 25 ಲಕ್ಷ ವರ್ಷಗಳ ಹಿಂದೆ ಹೊರಟ ಬೆಳಕು, ಮಸುಕು ಚುಕ್ಕೆಯಾಗಿ ಕಣ್ಣು ಮುಟ್ಟಿತು. ಆಮೇಲೆ ಉತ್ತರದಲ್ಲಿ ಆಕಾಶಗಂಗೆ, ನೀರು ಮಜ್ಜಿಗೆ ಚೆಲ್ಲಿದಂತೆ. ಮಗು ಮಾತಾಡಲಿಲ್ಲ, ನನ್ನ ಕೈ ಹಿಡಿದಳು.

ಅಜ್ಜಿಗೆ ದೀಪ ಬೇಕು, ಮಗುವಿಗೆ ಆಕಾಶ ಬೇಕು. ದೀಪದ ತಲೆಗೊಂದು ಟೊಪ್ಪಿಗೆ ಇಟ್ಟು ಬೆಳಕನ್ನು ನೆಲಕ್ಕಿಳಿಸಿದರೆ ಇಬ್ಬರಿಗೂ ದಕ್ಕೀತು. ಹಾವು ಹರಿಯುವುದು ನೆಲದ ಮೇಲೆ. ಮೇಲಕ್ಕೆ ಚೆಲ್ಲುವ ಬೆಳಕು ಯಾರಿಗಾಗಿ?