ಬುಲೆಟ್ಟಿನ ಹೊಟ್ಟೆಯೊಳಗೆ

ಮಳೆಗಾಲದಲ್ಲಿ ದೇವಿಮನೆ ಘಟ್ಟದ ಕಡೆ ಗಾಡಿ ತಿರುಗಿಸುವ ಮನಸ್ಸಾಗುವುದಿಲ್ಲ. ಹಳೆಯ ಬುಲೆಟ್ಟಿನ ಎಂಜಿನ್ ಬಿಚ್ಚಿ ಹರವಿಕೊಂಡು ಕೂರಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಕ್ರ್ಯಾಂಕ್‌ಕೇಸಿನಿಂದ ಕನೆಕ್ಟಿಂಗ್ ರಾಡ್ ಹೊರಬಂದಾಗ ನೋಡಲು ಬಂದವರು ಕೈಯಲ್ಲಿ ಹಿಡಿದು ಬೆರಗಾಗುತ್ತಾರೆ: ಇಷ್ಟು ಭಾರದ ಗಾಡಿಗೆ ಇಷ್ಟು ಹಗುರದ ರಾಡೇ? ಬೀಡುಕಬ್ಬಿಣದ ಸಿಲಿಂಡರಿನ ಹಳೇ 350ರಲ್ಲಿ ರಾಡು ಉಕ್ಕಿನದಲ್ಲ, ಅಲ್ಯೂಮಿನಿಯಂ ಮಿಶ್ರಲೋಹದ್ದು. ಕೆಳತುದಿಯಲ್ಲಿ ರೋಲರ್ ಕೂಡ ಇಲ್ಲ. ಒಳಗೂ ಹೊರಗೂ ವೈಟ್ ಮೆಟಲ್ ಬಳಿದ ಫ್ಲೋಟಿಂಗ್ ಬುಷ್ ಎಣ್ಣೆಯಲ್ಲಿ ತೇಲುತ್ತ ತಿರುಗುತ್ತದೆ.

ಅಮೆರಿಕದಲ್ಲಿ ದುಂಡನೆಯ ಟ್ರ್ಯಾಕ್ ಸುತ್ತುವ ರೇಸ್ ಕಾರುಗಳಿಗೆ ಎಂಜಿನ್ ಕಟ್ಟುವವರ ಮುಂದೆ ಅಲ್ಯೂಮಿನಿಯಂ ರಾಡಿನ ಹೆಸರೆತ್ತಿದರೆ ಬಹಳ ಜನ ಹುಬ್ಬು ಗಂಟಿಕ್ಕುತ್ತಾರೆ. ಅವರದು ತಪ್ಪಲ್ಲ. ಎಳೆತ ಒಂದು ಮಿತಿಯೊಳಗಿದ್ದರೆ ಉಕ್ಕು ಅದನ್ನು ಕೋಟಿಗಟ್ಟಲೆ ಸಲ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಎಳೆತವೂ ಆಯುಷ್ಯದಲ್ಲಿ ಒಂದು ಚೂರು ಕಳೆಯುತ್ತದೆ. ನೆಟ್ಟಗೆ ಓಡುವ ಡ್ರ್ಯಾಗ್ ರೇಸಿನಲ್ಲಿ ಕೆಲವೇ ಸೆಕೆಂಡಿನ ಕೆಲಸ. ಪೆಟ್ಟು ನುಂಗಿಕೊಳ್ಳುವ ಈ ಲೋಹ ಅಲ್ಲಿಗೆ ಸೈ, ಸವೆದರೆ ಬದಲಿಸಿದರಾಯಿತು. ದುಂಡು ಟ್ರ್ಯಾಕಿನಲ್ಲಿ ಹಾಗಲ್ಲ. ತಿರುವು ಬಂದಾಗೆಲ್ಲ ಥ್ರಾಟಲ್ ಬಿಡಬೇಕು. ಮೇಲಕ್ಕೆ ನುಗ್ಗುವ ಪಿಸ್ಟನ್ನನ್ನು ಎದುರಿನಿಂದ ತಡೆಯುವ ಒತ್ತಡ ಕುಸಿದಿರುತ್ತದೆ, ಅದನ್ನು ಹಿಡಿದೆಳೆಯುವ ಹೊಣೆಯೆಲ್ಲ ರಾಡಿನದು. ಮೇಲಾಗಿ ಬಿಸಿಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ, ಪಿಸ್ಟನ್ ಹೆಡ್ಡಿಗೆ ತಾಗದಂತೆ ಹೆಚ್ಚು ಸಂದು ಬಿಡಬೇಕು.

ನನಗೆ ಬಲು ಖುಷಿ ಕೊಟ್ಟ ಸಂಗತಿ ಇನ್ನೊಂದಿದೆ. ಆ ರೇಸುಗಳ ಹೆಸರುವಾಸಿ ಶೆವರ್ಲೆ ವಿ8 ಕೂಡ '350'. ನಮ್ಮದು ಸಿಸಿ ಲೆಕ್ಕ, ಸರಿಯಾಗಿ ಹೇಳಿದರೆ 346. ಅವರದು ಘನ ಅಂಗುಲ, ಅಂದರೆ 5.7 ಲೀಟರ್. ಆನೆ-ಆಡಿನ ಅಂತರ! ಆದರೂ ಪಿಸ್ಟನ್ ಏರಿಳಿಯುವ ದೂರ ಹೆಚ್ಚುಕಮ್ಮಿ ಒಂದೇ: ಬುಲೆಟ್ಟಿನದು 90 ಮಿ.ಮೀ., ಶೆವರ್ಲೆಯದು 88.4. ಹಾಗಾದರೆ ಇಲ್ಲಿ ಬಾಳುವ ರಾಡು ಅಲ್ಲಿ ಯಾಕೆ ಸೋಲಬೇಕು? ಆರ್‌ಪಿಎಂ ನೋಡಿ. ಯಾಣದ ದಾರಿಯಲ್ಲಿ ನನ್ನ ಗಾಡಿ 3500 ದಾಟುವುದೇ ಅಪರೂಪ. ಅದೇ ಪಿಸ್ಟನ್ನನ್ನು 7000ದಲ್ಲಿ ಕುಣಿಸಿದರೆ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು.

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎಂದು ನಮ್ಮ ಕಡೆ ಗಾದೆ. ಬುಲೆಟ್ಟಿನ ಸೊಕ್ಕೆಲ್ಲ ಸದ್ದಿನಲ್ಲಿ ಮಾತ್ರ. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ನೋಡಲು ಹೊರಟವನಿಗೆ ಅಷ್ಟು ಸಾಕು.

"ಹೆಗಡೇರೆ, ಇದನ್ನೆಂತಕ್ಕೆ ಇಟ್ಕಂಡಿದ್ರಿ? ಉಕ್ಕಿನ ರೋಲರ್ ರಾಡ್ ಹಾಕ್ಸಿಬಿಡಿ" ಎಂದು ಮೇಸ್ತ್ರಿಯ ವರಾತ. ಹಾಗೆ ಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ. ರೇಸಿಗೆ ಎಂಜಿನ್ ಕಟ್ಟುವುದಾದರೆ ನಾನೂ ಎರಡು ಮಾತಿಲ್ಲದೆ ಉಕ್ಕನ್ನೇ ಆರಿಸಿಯೇನು. ಆದರೆ ಈ ಗಾಡಿಯಲ್ಲಿ ಎಣ್ಣೆ ನಿಂತರೆ ಮೊದಲು ಸಾಯುವುದು ಬುಷ್, ರಾಡಲ್ಲ.

"ರಾಡಿನ ಸುದ್ದಿ ಆಮೇಲೆ ಮಾರಾಯ, ಮೊದಲು ಆಯಿಲ್ ಪಂಪ್ ಬಿಚ್ಚು" ಎಂದೆ.