ದುರಂತಕ್ಕೊಂದು ದೋಟಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ದುರಂತ ಇದೆ. ಗಾಬರಿ ಬೀಳಬೇಡಿ, ಯಾರೂ ಸತ್ತಿಲ್ಲ, ಯಾರೂ ಕೋರ್ಟು ಮೆಟ್ಟಿಲು ಹತ್ತಿಲ್ಲ. ದುರಂತ ಅಂದರೆ ಗಿಡ. ಪಾರ್ಕುಗಳ ಅಂಚಿನಲ್ಲಿ ಹಳದಿ ಹಸಿರಾಗಿ ಸಾಲು ನಿಂತಿರುತ್ತದಲ್ಲ, ಅದೇ. ಹದಿನೈದು ವರ್ಷದ ಹಿಂದೆ ಮೈಸೂರಿನ ಈ ಸೈಟಿನಲ್ಲಿ ಮನೆ ಕಟ್ಟಿ, ಕಾಂಪೌಂಡಿಗೆ ಉಳಿಸಿದ್ದ ದುಡ್ಡು ಗೃಹಪ್ರವೇಶದ ಊಟಕ್ಕೆ ಖರ್ಚಾಗಿ, ಇನ್ನೇನು ಮಾಡುವುದು ಎಂದು ನರ್ಸರಿಗೆ ಹೋದಾಗ ಅಲ್ಲಿಯವನು "ದುರಂತ ಹಾಕ್ಸಿ ಸಾರ್, ಬೇಗ ಬರುತ್ತೆ" ಅಂದ. ದುರಂತ ಬೇಗ ಬರುವುದು ನನಗೇನು ಹೊಸದಲ್ಲವಾದ್ದರಿಂದ ನಲವತ್ತು ಗಿಡ ತಂದೆ. ಆಮೇಲೆ ತಿಳಿಯಿತು, ಅದು ಹದಿನಾರನೇ ಶತಮಾನದ ಇಟಲಿಯ ಕಾಸ್ಟೋರೆ ದುರಾಂತೆ ಎಂಬ ವೈದ್ಯನ ಹೆಸರಂತೆ. ಆತ ಸಸ್ಯಶಾಸ್ತ್ರವನ್ನೂ ಬಲ್ಲವನು. ತನ್ನ ಹೆಸರು ಕನ್ನಡ ನಾಡಿಗೆ ಬಂದರೆ ಏನಾಗುತ್ತದೆ ಎಂಬುದನ್ನು ಮಾತ್ರ ಪಾಪ, ಬಲ್ಲವನಲ್ಲ.

ಬೇಗ ಬರುತ್ತೆ ಅಂದಿದ್ದನಲ್ಲ, ಬಂತು. ಈಗ ಒಂಬತ್ತು ಅಡಿ. ನಾನು ಐದು ಅಡಿ ನಾಲ್ಕು ಅಂಗುಲದಲ್ಲೇ ನಿಂತುಬಿಟ್ಟಿದ್ದೇನೆ. ನಡುವಿನ ಅಂತರವನ್ನು ಇಷ್ಟು ದಿನ ಒಂದು ಏಣಿ ತುಂಬುತ್ತಿತ್ತು. ಹೋದ ದಸರಾಕ್ಕೆ ಮುಂಚೆ ಅದರ ಮೂರನೇ ಮೆಟ್ಟಿಲಿನಿಂದ ನಾನು ನೇರವಾಗಿ ನೆಲಕ್ಕೆ ಬಂದೆ, ಎರಡನೆಯದನ್ನೂ ಒಂದನೆಯದನ್ನೂ ಮುಟ್ಟದೆ. ಪೆಟ್ಟಾಗಲಿಲ್ಲ. ಆದರೆ ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದವಳು "ರೀ, ಇನ್ನೊಂದ್ಸಲ ಏಣಿ ಮುಟ್ಟಿ, ಆಮೇಲೆ ಹೇಳ್ತೀನಿ" ಅಂದಳು. ಏನು ಹೇಳುತ್ತಾಳೋ ಕೇಳುವ ಧೈರ್ಯ ಯಾರಿಗಿದೆ? ಏಣಿ ಅಟ್ಟ ಸೇರಿತು. ಅಟ್ಟಕ್ಕೆ ಅದನ್ನು ಏರಿಸಲಿಕ್ಕೂ ಒಂದು ಏಣಿ ಬೇಕಾಯಿತು ಎನ್ನುವುದು ಬೇರೆ ಕತೆ.

ಹಾಗಾಗಿ ನೆಲದ ಮೇಲೇ ನಿಂತು ನೆತ್ತಿ ಕತ್ತರಿಸುವ ಯಂತ್ರ ಹುಡುಕಿ ಹೊರಟೆ. ಅಂಗಡಿಯ ಹುಡುಗನಿಗೆ "ಟ್ರಿಮ್ಮರ್ ತೋರಿಸಪ್ಪ" ಅಂದೆ. ಅವನು ನನ್ನ ಗಡ್ಡ ನೋಡಿ, ಅಂಗೈಯಗಲದ್ದೊಂದು ತಂದಿಟ್ಟ. ಅದಲ್ಲ, ಗಿಡಕ್ಕೆ ಅಂದೆ. ವೀಡ್ ಕಟರ್ ತಂದ. ಪೆಟ್ರೋಲಿನದು, ಮಲೆನಾಡಿನ ತೋಟಗಳಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಗುಂಯ್ ಅನ್ನುತ್ತದಲ್ಲ, ಅದು. ಅದೂ ಅಲ್ಲ, ಉದ್ದ ಕೋಲು, ತುದಿಗೆ ಬ್ಲೇಡು, ಬ್ಯಾಟರಿಯದು ಎಂದು ಕೈ ಎತ್ತಿ ತೋರಿಸಿದೆ. "ಓ, ದೋಟಿನಾ ಸಾರ್?" ಅಂದ. ಶಿರಸಿ ಕಡೆಯವನಂತೆ.

ನನಗೆ ಅಂಗಡಿಯೇ ಮರೆತುಹೋಯಿತು. ಅಜ್ಜನ ಮನೆಯ ಕೊಟ್ಟಿಗೆಯ ಮಾಡಿಗೆ ಸದಾ ಎರಡು ದೋಟಿ ಸಿಕ್ಕಿಸಿರುತ್ತಿದ್ದವು. ಬಿದಿರ ಗಳು, ತುದಿಗೆ ಕತ್ತಿ, ಕತ್ತಿಯ ಬುಡಕ್ಕೆ ಬಿಗಿಯಾಗಿ ಸುತ್ತಿದ ಹಗ್ಗ. ಒಂದು ಅಜ್ಜನದು, ಇನ್ನೊಂದು ಅಜ್ಜಿಯದು, ಅಜ್ಜಿಯದು ಮೋಟು. ಆ ಮೋಟಿನಿಂದಲೇ ಅವಳು ಸಂಪಿಗೆ ಹೂವನ್ನು ಎಸಳು ಉದುರದಂತೆ ಇಳಿಸುತ್ತಿದ್ದಳು. ಈಗ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಳೇ ರೇಡಿಯೋದ ಏರಿಯಲ್ಲಿನ ಹಾಗೆ ಕೊಳವೆಯೊಳಗಿಂದ ಕೊಳವೆ ಎಳೆದು, ನೆಲದಲ್ಲೇ ನಿಂತು 60 ಅಡಿ ಮೇಲಿನ ಕೊನೆ ಕೊಯ್ಯುತ್ತಾರೆ. ನಾನು ಕೇಳುತ್ತಿದ್ದುದು ಒಂಬತ್ತು ಅಡಿಗೆ. ಶಿರಸಿಯ ಹುಡುಗ ನಗದೆ ಇದ್ದದ್ದು ಅವನ ಸಂಸ್ಕಾರ.

ಕೊನೆಗೂ ಒಂದು ಡಬ್ಬ ಸಿಕ್ಕಿತು. ಮೇಲೆ ದಪ್ಪಕ್ಷರದಲ್ಲಿ ಮೂರು ಮೀಟರ್ ಎತ್ತರಕ್ಕೆ ಎಟುಕುತ್ತದೆ ಎಂದಿತ್ತು. ಬಿಚ್ಚಿ ಅಳೆದರೆ ಕೋಲು ಎರಡು ಮೀಟರೂ ತುಂಬಲಿಲ್ಲ. ಉಳಿದದ್ದು ಎಲ್ಲಿ? ಕೆಳಗೆ ಸಣ್ಣಕ್ಷರದಲ್ಲಿತ್ತು: ಬಳಸುವವರ ಎತ್ತರವೂ ಸೇರಿ. ಅಂದರೆ ಆ ಮೂರು ಮೀಟರಿನಲ್ಲಿ ಒಂದು ಪಾಲು ನಾನೇ. ದುಡ್ಡು ಕೊಟ್ಟು ನನ್ನನ್ನೇ ಕೊಂಡುಕೊಳ್ಳಬೇಕು. ಅದೂ ಡಬ್ಬದವರು ಲೆಕ್ಕ ಹಾಕಿದ್ದು ಯಾವನೋ ಆರಡಿ ಆಸಾಮಿಗೆ.

ವೋಲ್ಟಿನ ಲೆಕ್ಕವೂ ಹೀಗೆಯೇ. ಒಂದರ ಮೇಲೆ 18 ವೋಲ್ಟ್, ಪಕ್ಕದ್ದರ ಮೇಲೆ 20. ಎರಡು ಜಾಸ್ತಿ ಇರುವುದೇ ವಾಸಿ ಅನ್ನಿಸುವುದಿಲ್ಲವೇ? ನನಗೂ ಅನ್ನಿಸಿತು. ಆದರೆ ಒಳಗಿರುವುದು ಎರಡರಲ್ಲೂ 3.6 ವೋಲ್ಟಿನ ಐದು ಲಿಥಿಯಂ ಸೆಲ್ಲಿನ ಸಾಲು, ಗುಣಿಸಿದರೆ 18. ಆಗತಾನೇ ಚಾರ್ಜಿನಿಂದ ತೆಗೆದಾಗ ಇಪ್ಪತ್ತರ ಮೇಲೆ ತೋರಿಸುತ್ತದೆ, ಕೆಲಸಕ್ಕಿಳಿದೊಡನೆ ಹದಿನೆಂಟರ ಆಸುಪಾಸಿಗೆ ಇಳಿಯುತ್ತದೆ. ಹಾಲು ಉಕ್ಕಿ ಬಂದಾಗ ಪಾತ್ರೆ ತುಂಬ ಇದೆ ಅಂದ ಹಾಗೆ. ನೋಡಬೇಕಾದ್ದು ಪಕ್ಕದಲ್ಲಿರುವ ಆಂಪಿಯರ್-ಅವರ್. 18 ವೋಲ್ಟು, 2 ಆಂಪಿಯರ್-ಅವರ್ ಅಂದರೆ 36 ವ್ಯಾಟ್-ಅವರ್. ನಿಮ್ಮ ಹಳೇ ಸೀಲಿಂಗ್ ಫ್ಯಾನು ಸುಮಾರು ಅರ್ಧ ಗಂಟೆ ತಿರುಗುವಷ್ಟು. ಅಷ್ಟರೊಳಗೆ ನಲವತ್ತು ದುರಂತ ಮುಗಿಸಬೇಕು.

ವೈರಿನದೇ ತಗೊಳ್ಳಿ, ಅಗ್ಗ ಅಂದವರೂ ಇದ್ದರು. ಅದರ ಅನುಭವ ನಮ್ಮ ಮನೆತನಕ್ಕಿದೆ. ನನ್ನ ಭಾವಮೈದುನ ವೈರಿನ ಯಂತ್ರ ತಂದು, ಮೊದಲ ದಿನವೇ ನಾಲ್ಕು ದಾಸವಾಳದ ರೆಂಬೆ, ಐದನೆಯದಾಗಿ ಅದರದೇ ವೈರು ಕತ್ತರಿಸಿದ. ಪುಣ್ಯಕ್ಕೆ ಟ್ರಿಪ್ ಆಯಿತು. ವೈರೇ ಇಲ್ಲದ ಡ್ರಿಲ್ಲನ್ನು ಬ್ಲಾಕ್ ಅಂಡ್ ಡೆಕರ್ ಕಂಪನಿಯವರು 1961ರಲ್ಲೇ ತಂದಿದ್ದರು. 1971ರಲ್ಲಿ ಅಪೊಲೊ 15ರವರು ಚಂದ್ರನ ನೆಲ ಕೊರೆಯಲು ಬ್ಯಾಟರಿ ಡ್ರಿಲ್ಲನ್ನೇ ಒಯ್ದದ್ದು. ಅಲ್ಲಿ ಎಕ್ಸ್‌ಟೆನ್ಶನ್ ಬೋರ್ಡು ಯಾರ ಮನೆಯಿಂದ ಎಳೆಯುತ್ತಾರೆ ಹೇಳಿ? ಕೊರೆದ ಕೊಳವೆ ನೆಲದಲ್ಲಿ ಸಿಕ್ಕಿಕೊಂಡು, ಕೀಳಲು ಗಗನಯಾತ್ರಿಗಳಿಬ್ಬರೂ ಸೇರಿ ಹೆಣಗಿದರಂತೆ. ಓದಿದಾಗ ನನಗೆ ಬಹಳ ಸಮಾಧಾನವಾಯಿತು.

ಬ್ಲೇಡನ್ನು ಮಾತ್ರ ನೋಡಿದೊಡನೆ ಗುರುತು ಹಿಡಿದೆ. ಹಲ್ಲಿನ ಪಟ್ಟಿಯ ಮೇಲೆ ಹಲ್ಲಿನ ಪಟ್ಟಿ, ಒಂದರ ಮೇಲೊಂದು ಹಿಂದಕ್ಕೂ ಮುಂದಕ್ಕೂ. ನಾವು ಚಿಕ್ಕವರಿದ್ದಾಗ ಕ್ಷೌರದ ಅಂಗಡಿಯಲ್ಲಿ ಕತ್ತಿನ ಹಿಂದೆ ಕಿಟಿಕಿಟಿ ಅನ್ನುತ್ತಿತ್ತಲ್ಲ, ಆ ಕೈ ಮಷಿನ್ನೇ ಇದು, ಬೆಳೆದು ದೊಡ್ಡದಾಗಿದೆ ಅಷ್ಟೆ. ಆ ಮಷಿನ್ನಿಗೆ ಎಣ್ಣೆ ಹಾಕದಿದ್ದರೆ ಕೂದಲು ಕತ್ತರಿಸುತ್ತಿರಲಿಲ್ಲ, ಕೀಳುತ್ತಿತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಇದಕ್ಕೂ ಅಷ್ಟೇ, ಅಂಟು ಒರೆಸಿ ಎಣ್ಣೆ ಬಿಡದಿದ್ದರೆ ರೆಂಬೆ ಸಿಗಿಯುತ್ತದೆ. ಗಿಡಕ್ಕೆ ಅಳಲು ಬರುವುದಿಲ್ಲ, ಆಮೇಲೆ ತುದಿ ಕಂದಾಗಿ ಒಣಗಿ ತೋರಿಸುತ್ತದೆ. ಹಲ್ಲುಗಳ ಸಂದಿಗೆ ಕಿರುಬೆರಳು ಹಿಡಿದು ನೋಡಿದೆ (ಬ್ಯಾಟರಿ ತೆಗೆದೇ, ಬಿಡಿ). ಅದಕ್ಕಿಂತ ದಪ್ಪದ ರೆಂಬೆ ಬಂದರೆ ಗರಗಸವೇ ಗತಿ.

ಅಂದ ಹಾಗೆ, ಬೇಲಿ ಅಂದಾಗೆಲ್ಲ ನನಗೆ ಉಪ್ಪು ನೆನಪಾಗುತ್ತದೆ. ಬ್ರಿಟಿಷರು ಉಪ್ಪಿನ ಸುಂಕ ತಪ್ಪಿಸಿಕೊಂಡು ಯಾರೂ ದಾಟದಿರಲಿ ಎಂದು ಸಿಂಧೂ ಕಡೆಯಿಂದ ಮಹಾನದಿಯವರೆಗೆ 2,300 ಮೈಲಿಗೂ ಮೀರಿ ಸುಂಕದ ಗಡಿ ಎಳೆದು, ಅದರ ಬಹುಪಾಲಿಗೆ ಜಾಲಿ, ಬೋರೆ, ಕಳ್ಳಿಯ ಬೇಲಿ ಬೆಳೆಸಿದ್ದರು. ಚೆನ್ನಾಗಿ ಬಂದ ಕಡೆ ಹತ್ತರಿಂದ ಹದಿನಾಲ್ಕು ಅಡಿ ಎತ್ತರ. ಕಾಯಲು ಸುಮಾರು 12,000 ಜನ. ಅದರ ಮೇಲ್ವಿಚಾರಣೆಯನ್ನು ಕೆಲವು ವರ್ಷ ನೋಡಿಕೊಂಡವರು ಯಾರು ಗೊತ್ತೆ? ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಮುಖ್ಯರಾದ ಅದೇ ಎ. ಓ. ಹ್ಯೂಮ್! ಗೆದ್ದಲು, ಬೆಂಕಿ, ಬರ ಎಲ್ಲದರೊಡನೆ ಗುದ್ದಾಡಿ 1879ರಲ್ಲಿ ಸರ್ಕಾರವೇ ಸುಂಕದ ಗಡಿಯನ್ನು ಕೈಬಿಟ್ಟಿತು. ನನ್ನದು ಅರವತ್ತಡಿ. ನಾನಿನ್ನೂ ಕೈಬಿಟ್ಟಿಲ್ಲ.

ಎಲ್ಲಿದ್ದೆ? ಹಾಂ, ತೂಕ. ಡಬ್ಬದ ಮೇಲೆ ನಾಲ್ಕು ಕಿಲೋ ಎಂದಿತ್ತು. ನಾಲ್ಕು ಕಿಲೋ ಅಕ್ಕಿ ಎತ್ತಲಾರೆನೇ? ಎತ್ತಬಲ್ಲೆ. ಆದರೆ ಇದರ ಮೋಟಾರು ಇರುವುದು ಕೋಲಿನ ತುದಿಯಲ್ಲಿ. ಕೊಳ್ಳುವ ಮೊದಲು ಪರೀಕ್ಷೆಯಾಗಲಿ ಎಂದು ಮನೆಗೆ ಬಂದು, ಜೇಡರ ಬಲೆ ಹೊಡೆಯುವ ಕೋಲಿನ ತುದಿಗೆ ಲೀಟರಿನ ಎರಡು ನೀರಿನ ಬಾಟಲಿ ಕಟ್ಟಿದೆ. ಗಡಿಯಾರ ನೋಡಿಕೊಂಡು ಬೇಲಿಯ ನೆತ್ತಿಯ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಆಡಿಸತೊಡಗಿದೆ. ಮೊದಲ ನಿಮಿಷ ಹುಮ್ಮಸ್ಸು. ಎರಡನೆಯ ನಿಮಿಷಕ್ಕೆ ಭುಜದಲ್ಲಿ ಇಂಥದ್ದೊಂದು ಕೀಲು ಇದೆ ಎಂದು ಗೊತ್ತಾಯಿತು. ಮೂರನೆಯದರಲ್ಲಿ ಬಾಟಲಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಾ ಆಚೆ ಕಡೆಗೆ ವಾಲಿದವು.

ಆಚೆ ಕಡೆಯಿಂದ ದನಿ ಬಂತು. "ಏನ್ ಸಾರ್, ಜೇಡಕ್ಕೆ ನೀರು ಕುಡಿಸ್ತಿದೀರಾ?"

ಪಕ್ಕದ ಮನೆಯವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರು. ವಿಷಯ ಹೇಳಿದೆ. ಅವರು ಒಳಗೆ ಹೋಗಿ ಒಂದು ಡ್ರಿಲ್ ತಂದರು. ಅಳಿಯ ಕೊಟ್ಟಿದ್ದಂತೆ, ಫೋಟೋ ನೇತುಹಾಕಲು ಒಮ್ಮೆ ಬಳಸಿದ್ದಾರೆ. ನೋಡಿದರೆ ನಾನು ಅಂಗಡಿಯಲ್ಲಿ ನೋಡಿ ಬಂದ ಕಂಪನಿಯದೇ, ಅದೇ ಬ್ಯಾಟರಿ. "ಹಾಗಾದ್ರೆ ನೀವು ಬರೀ ಯಂತ್ರ ತಗೊಳ್ಳಿ ಸಾರ್. ಬ್ಯಾಟರಿ, ಚಾರ್ಜರು ನಮ್ದು. ಜಾಯಿಂಟ್ ಅಕೌಂಟು" ಅಂದರು. ದುಡ್ಡು ಮೂರನೇ ಒಂದು ಭಾಗವಾದರೂ ಉಳಿಯುತ್ತದೆ. ನಾನು ತಕ್ಷಣ ಒಪ್ಪಿದೆ.

ಷರತ್ತುಗಳು ಆಮೇಲೆ ಶುರುವಾದವು. ಬೇಲಿ ಪೆಟ್ಟಿಗೆಯ ಹಾಗೆ ನೆಟ್ಟಗಿರಬೇಕು ಎಂದು ಅವರು. ಬುಡ ಅಗಲ, ಮೇಲೆ ಕಿರಿದು, ಲಂಗದ ಹಾಗಿರಬೇಕು, ಇಲ್ಲದಿದ್ದರೆ ಬುಡಕ್ಕೆ ಬಿಸಿಲು ಬೀಳದೆ ಬೋಳಾಗುತ್ತದೆ ಎಂದು ನಾನು. ನನ್ನ ಮಗ್ಗುಲು ನಾನು, ಅವರ ಮಗ್ಗುಲು ಅವರು ಅಂತಾಯಿತು. ನೆತ್ತಿ ಯಾರದು? ಬ್ಯಾಟರಿ ಅವರದಾದ್ದರಿಂದ ಅವರು ಕೂತು ನೋಡುವುದು, ಕೋಲು ನನ್ನದಾದ್ದರಿಂದ ನಾನು ಎತ್ತುವುದು ಎಂದು ಅವರ ವಾದ. ಬಡ್ಡಿ ಹಾಕಿ ಅಭ್ಯಾಸವಿದ್ದವರು ನೋಡಿ. ಗಿಡ ನೆಟ್ಟವನು ನಾನು, ನಾಳೆ ವಿಚಾರ ಮಾಡೋಣ ಅಂದೆ. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಕೋಲು ಬೇಲಿಯ ಮೇಲೆಯೇ ಒರಗಿತ್ತು, ಒಂದು ಬಾಟಲಿ ಅವರ ಕಡೆ, ಒಂದು ನಮ್ಮ ಕಡೆ.

"ರೀ," ಕಿಟಕಿಯಿಂದ ಕೂಗು ಬಂತು, "ಆ ಬಾಟ್ಲು ಬಿಚ್ಚಿ ಫ್ರಿಜ್ಜಿಗಿಡಿ. ಮೊಮ್ಮಗ ಸ್ಕೂಲಿಂದ ಬಂದ್ರೆ ತಣ್ಣೀರು ಕೇಳ್ತಾನೆ."

ಗಂಟು ಬಿಗಿಯಾಗಿತ್ತು. ಮ್ಯಾನೇಜರೇ ಆಚೆಯಿಂದ ಕೈ ಹಾಕಿ ಒಂದನ್ನು ಬಿಚ್ಚಿಕೊಟ್ಟರು.