ಹಳದಿ ಮುಟ್ಟದೆ ಇಳಿಯಬೇಡ!

ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದೂಕಾಲು ಗಂಟೆಗೆ ಬರ್ಮಿಂಗ್‌ಹ್ಯಾಮ್ ಇಂಟರ್‌ನ್ಯಾಷನಲ್. ಇಳಿದರೆ ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಗೋದಾಮುಗಳಂಥ ವಸ್ತುಪ್ರದರ್ಶನ ಭವನಗಳು. ಊರಿನ ಚೆಲುವು ಹುಡುಕುವವರು ಇಲ್ಲಿಗೆ ಬರಬೇಕಿಲ್ಲ. ಆದರೆ ಮಾರ್ಚ್ ತಿಂಗಳ ನಾಲ್ಕು ದಿನ ಇಲ್ಲಿ ನಾಯಿಗಳದೇ ದರ್ಬಾರು. ಅದೇ ಕ್ರಫ್ಟ್ಸ್ ಶ್ವಾನ ಪ್ರದರ್ಶನ.

ನಾಯಿ ಬಿಸ್ಕತ್ತಿನ ವ್ಯಾಪಾರದಲ್ಲಿದ್ದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಈ ಪ್ರದರ್ಶನ 1991ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂತು. ಬಾಚಿ, ಪೌಡರು ಹಾಕಿ ನಿಲ್ಲಿಸಿದ ನಾಯಿಗಳನ್ನು ಎಷ್ಟು ಹೊತ್ತು ನೋಡುವುದು? ನನ್ನನ್ನು ಸೆಳೆದದ್ದು ಅಜಿಲಿಟಿ, ಅಂದರೆ ನಾಯಿಗಳ ಅಡೆತಡೆ ಓಟ. 1978ರಲ್ಲಿ ಎರಡು ಸ್ಪರ್ಧೆಗಳ ನಡುವಿನ ಬಿಡುವು ತುಂಬಲು ಜಾನ್ ವಾರ್ಲಿ ಮತ್ತು ಪೀಟರ್ ಮೀನ್‌ವೆಲ್, ಕುದುರೆಗಳ ಜಿಗಿತ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೂಡಿದ ಆಟವಿದು. ಮುಖ್ಯ ಕಾರ್ಯಕ್ರಮ ಜನ ಮರೆತರು, ಬಿಡುವಿನ ಆಟ ಜಗತ್ತಿಗೆಲ್ಲ ಹಬ್ಬಿತು!

ಬೇಲಿ ಹಾರುವುದು, ಸುರಂಗ ತೂರುವುದು ಯಾವ ಚುರುಕು ನಾಯಿಗೂ ಬಂದೀತು. ಕಷ್ಟವಿರುವುದು ಹತ್ತಿ ಇಳಿಯುವ ಮೂರು ಅಡೆತಡೆಗಳಲ್ಲಿ: ಮನೆಯ ಮಾಡಿನಂಥ ಎ-ಫ್ರೇಮ್, ಏತದ ಹಲಗೆ, ಮತ್ತು ಸುಮಾರು ನಾಲ್ಕಡಿ ಎತ್ತರದ, ಒಂದಡಿಯಷ್ಟೇ ಅಗಲದ ಡಾಗ್ ವಾಕ್ ಎಂಬ ಕಾಲುಸೇತುವೆ. ಇವುಗಳ ತುದಿಗಳಿಗೆ ಸುಮಾರು ಮೂರು ಅಡಿಯುದ್ದ ಬೇರೆ ಬಣ್ಣ, ಸಾಮಾನ್ಯವಾಗಿ ಹಳದಿ. ಇಳಿಯುವಾಗ ನಾಯಿಯ ಒಂದು ಪಾದವಾದರೂ ಅದನ್ನು ಮುಟ್ಟಲೇಬೇಕು. ತಪ್ಪಿದರೆ ತೀರ್ಪುಗಾರರ ಕೈ ಮೇಲೇಳುತ್ತದೆ, ಐದು ತಪ್ಪಂಕ. ಇದು ಸುಮ್ಮನೆ ಮಾಡಿದ ನಿಯಮವಲ್ಲ. ಓಟದ ಅಮಲಿನಲ್ಲಿ ನಾಯಿ ಮೇಲಿನಿಂದಲೇ ನೆಗೆದರೆ ಪೆಟ್ಟು ಬೀಳುವುದು ಅದರ ಮುಂಗಾಲು, ಭುಜಗಳಿಗೆ.

ಹಳೆಯ ಉಪಾಯವೆಂದರೆ ತುದಿಯಲ್ಲಿ ನಿಲ್ಲಿಸುವುದು: ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ. ಭದ್ರವೇನೋ ಹೌದು, ಆದರೆ ಸಮಯ ಹೋಗುತ್ತದೆ. ವೇಗದಿಂದ ಬಂದ ಮೈಯನ್ನು ಪ್ರತಿಸಲ ಗಕ್ಕನೆ ತಡೆಯುವುದೂ ಭುಜಕ್ಕೆ ಹೊರೆಯೇ. ಹಾಗಾದರೆ ನಿಲ್ಲದೆ, ಓಡುತ್ತಲೇ ಹಳದಿ ತುಳಿಯುವುದನ್ನು ಕಲಿಸಬಹುದೆ? ಈ ಹಾದಿಯನ್ನು ಜನಪ್ರಿಯಗೊಳಿಸಿದವರಲ್ಲಿ ಸ್ಲೊವೇನಿಯಾದ ಸಿಲ್ವಿಯಾ ಟ್ರ್ಕ್‌ಮನ್ ಹೆಸರು ದೊಡ್ಡದು.

ಪ್ರದರ್ಶನ ಮುಗಿದ ಮೇಲೆ ಊರಾಚೆಯ ಹುಲ್ಲುಗಾವಲೊಂದರಲ್ಲಿ ಈ ಪಾಠ ನೋಡಿದೆ. ಐವತ್ತು ದಾಟಿದ ಹೆಂಗಸು, ಎರಡು ವರ್ಷದ ಬಾರ್ಡರ್ ಕೋಲಿ. ಮೊದಲು ಹಲಗೆ ನೆಲದ ಮೇಲೆಯೇ. ಆಚೆ ತುದಿಗೆ ಎಸೆದ ಚೆಂಡಿನತ್ತ ನಾಯಿ ಬಾಣದಂತೆ ಓಡಬೇಕು. ನೆಗೆಯದೆ ಓಡಿ ಹಿಂಗಾಲು ತುದಿಯ ಬಣ್ಣದಲ್ಲಿ ಬಿದ್ದರೆ ಆ ಕ್ಷಣವೇ 'ಎಸ್' ಎಂಬ ಕೂಗು, ಚೆಂಡಿನಾಟ. ನೆಗೆದರೆ ಬೈಗುಳವೂ ಇಲ್ಲ, ಚೆಂಡೂ ಇಲ್ಲ. ಕಣ್ಣಿಗೆ ಸಿಗದ ವೇಗವಾದ್ದರಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ಓಡಿಸಿ ನೋಡುತ್ತಿದ್ದರು. ನಾಯಿಗೆ ಬಣ್ಣ ಮುಖ್ಯವಲ್ಲ, ಹೆಜ್ಜೆಯ ಲಯ ಮುಖ್ಯ ಎಂದರು. ಹಲಗೆ ಇಳಿದೊಡನೆ ತಿರುವಿದ್ದರೆ ಇನ್ನೂ ಫಜೀತಿ: ನಾಯಿ ಯಜಮಾನಿಯತ್ತ ಕತ್ತು ಹೊರಳಿಸಿದರೆ ಸಾಕು, ಲಯ ಕೆಟ್ಟಿತು. ಏತದ ಹಲಗೆಗೆ ಮಾತ್ರ ಈ ಓಟ ನಡೆಯದು. ಅದರ ತುದಿ ನೆಲ ಮುಟ್ಟುವವರೆಗೂ ನಾಯಿ ಇಳಿಯುವಂತಿಲ್ಲ.

"ಎಷ್ಟು ದಿನದಿಂದ?" ಎಂದು ಕೇಳಿದೆ. "ಏಳು ತಿಂಗಳು," ಎಂದು ನಕ್ಕರು. ಆವತ್ತು ಹಲಗೆಯ ಕೆಳಗೆ ಇನ್ನೊಂದು ಇಟ್ಟಿಗೆ ಇಟ್ಟರು. ಹತ್ತು ಓಟದಲ್ಲಿ ನಾಲ್ಕು ಸಲ ಹಳದಿ ತಪ್ಪಿತು. ಅವರು ಏನೂ ಹೇಳದೆ ಇಟ್ಟಿಗೆ ತೆಗೆದು, ಹಲಗೆ ತಗ್ಗಿಸಿ, ಮತ್ತೆ ಚೆಂಡು ಎಸೆದರು.